ಸಭಾಂಗಣಕ್ಕೆ ಬಂದ ಧ್ರುವಪ್ರದೇಶ

ಹರ್ಬರ್ಟ್ ಪಾಂಟಿಂಗ್ ಅಂಟಾರ್ಕ್ಟಿಕಾದಲ್ಲಿ ತೆಗೆದ ಮೂಕಿ ಚಿತ್ರದಲ್ಲಿ ಒಂದು ಡೇರೆಯ ದೃಶ್ಯ ಬರುತ್ತದೆ. ನಾಲ್ವರು ಇಕ್ಕಟ್ಟಿನಲ್ಲಿ ಕೂತು ಕಾಲಿನ ಕಟ್ಟು ಬಿಚ್ಚುತ್ತಾರೆ, ಸ್ಟೌವ್ ಹೊತ್ತಿಸಿ ಅಡುಗೆ ಮಾಡುತ್ತಾರೆ, ಹಂಚಿಕೊಂಡು ತಿನ್ನುತ್ತಾರೆ, ಕಡೆಗೆ ತುಪ್ಪಳದ ಚೀಲಗಳೊಳಗೆ ನುಸುಳಿ ಮಲಗುತ್ತಾರೆ. ಬ್ರಿಟಿಷ್ ಧ್ರುವಯಾತ್ರೆಯ ನಾಯಕ ರಾಬರ್ಟ್ ಸ್ಕಾಟ್, ಅವನ ಸಂಗಡಿಗರಾದ ಎಡ್ವರ್ಡ್ ವಿಲ್ಸನ್, ಹೆನ್ರಿ ಬವರ್ಸ್, ಎಡ್ಗರ್ ಇವಾನ್ಸ್. ಈ ದೃಶ್ಯ ದಕ್ಷಿಣ ಧ್ರುವದ ಹಾದಿಯಲ್ಲಿ ತೆಗೆದದ್ದಲ್ಲ. ಹೊರಡುವ ಮುಂಚೆಯೇ, 1911ರಲ್ಲಿ, ಕೇಪ್ ಇವಾನ್ಸ್ ಬಿಡಾರದ ಹತ್ತಿರ ಕ್ಯಾಮೆರಾದ ಮುಂದೆ ಮಾಡಿ ತೋರಿಸಿದ್ದು. ಮುಂದಿನ ವರ್ಷದ ಮಾರ್ಚ್ ಮುಗಿಯುವ ಹೊತ್ತಿಗೆ ಧ್ರುವದಿಂದ ಮರಳುವ ಹಾದಿಯಲ್ಲಿ ನಾಲ್ವರೂ ತೀರಿಹೋಗಿದ್ದರು. 1914ರ ಜನವರಿಯಿಂದ ಪಾಂಟಿಂಗ್ ಲಂಡನ್ನಿನ ಫಿಲ್‌ಹಾರ್ಮೋನಿಕ್ ಹಾಲ್‌ನಲ್ಲಿ ತನ್ನ ಚಿತ್ರಗಳನ್ನು ತೋರಿಸುತ್ತ, ಪಕ್ಕದಲ್ಲಿ ನಿಂತು ಮಾತಾಡತೊಡಗಿದಾಗ, ನೋಡುವವರಿಗೆಲ್ಲ ಆ ಸಾವಿನ ಸುದ್ದಿ ಗೊತ್ತಿತ್ತು.

ಕೊರೆಯುವ ಚಳಿಯಲ್ಲಿ ನಾಲ್ಕು ಜನ ಒಂದು ಡೇರೆಯಲ್ಲಿ ಹೇಗೆ ಬದುಕುತ್ತಾರೆ ಎಂದು ತೋರಿಸುವ ಪಾಠವಾಗಿ ಆ ದೃಶ್ಯ ಅಪ್ಪಟ ಪ್ರಾಮಾಣಿಕವಾದದ್ದು. ಸಭಾಂಗಣದಲ್ಲಿ ಅದು ಶೋಕಗೀತೆಯಾಯಿತು. ಪಾಂಟಿಂಗ್‌ನ ಕಸುಬುದಾರಿಕೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಹಡಗಿನ ಮೂತಿ ಮಂಜುಗಡ್ಡೆ ಸೀಳುವುದನ್ನು ಹಿಡಿಯಲು ಹಡಗಿನ ಬದಿಯಿಂದ ಹೊರಚಾಚಿದ ಹಲಗೆಗಳ ಮೇಲೆ ಮಲಗಿ ಚಿತ್ರ ತೆಗೆದವನು ಆತ. 1924ರಲ್ಲಿ ‘ದಿ ಗ್ರೇಟ್ ವೈಟ್ ಸೈಲೆನ್ಸ್’ ಎಂದು, 1933ರಲ್ಲಿ ‘ನೈಂಟಿ ಡಿಗ್ರೀಸ್ ಸೌತ್’ ಎಂದು ಅದೇ ಚಿತ್ರಗಳನ್ನು ಮತ್ತೆ ಮತ್ತೆ ಜೋಡಿಸಿ ಜನರ ಮುಂದಿಟ್ಟ. ಆದರೆ ಧ್ರುವಪ್ರದೇಶದ ಬಗ್ಗೆ ಜನರಿಗಾಗಿ ನಡೆಯುವ ಉಪನ್ಯಾಸ, ಪ್ರದರ್ಶನ, ಮೇಳಗಳ ಮೇಲೆ ಫಿಲ್‌ಹಾರ್ಮೋನಿಕ್ ಹಾಲ್‌ನ ಆ ರಾತ್ರಿಗಳ ನೆರಳು ಇಂದಿಗೂ ಬಿದ್ದಿದೆ. ಮುಗಿದ ಕಥೆಯನ್ನು ಹೇಳುವುದು ಅಲ್ಲಿಂದ ರೂಢಿಯಾಯಿತು. ನಡೆಯುತ್ತಿರುವ ಕೆಲಸವನ್ನು ತೋರಿಸುವುದು ರೂಢಿಯಾಗಲಿಲ್ಲ. ಈ ಕಾರ್ಯಕ್ರಮಗಳ ಬಗ್ಗೆ ನನ್ನ ಮುಖ್ಯ ತಕರಾರು ಇದೇ.

ಈ ರೂಢಿಗೆ ಹಣದ ಕಾರಣವೂ ಇತ್ತು. ಧ್ರುವಯಾತ್ರೆಗಳು ಸಾಲದ ಮೇಲೆ ನಡೆದವು, ಉಪನ್ಯಾಸಗಳು ಆ ಸಾಲ ತೀರಿಸುವ ದಾರಿಯಾಗಿದ್ದವು. ಅರ್ನೆಸ್ಟ್ ಶ್ಯಾಕಲ್ಟನ್ 1919ರ ಡಿಸೆಂಬರ್‌ನಿಂದ ಸುಮಾರು ಐದು ತಿಂಗಳು ಅದೇ ಹಾಲ್‌ನಲ್ಲಿ ದಿನಕ್ಕೆರಡು ಬಾರಿ ವೇದಿಕೆ ಹತ್ತಿದರು. ಹಿಂದಿನ ಪರದೆಯ ಮೇಲೆ ಅವರ ಅಂಟಾರ್ಕ್ಟಿಕಾ ಯಾತ್ರೆಯ ಛಾಯಾಗ್ರಾಹಕ ಫ್ರ್ಯಾಂಕ್ ಹರ್ಲಿಯ ಚಿತ್ರ ಓಡುತ್ತಿತ್ತು. ತನ್ನ ‘ಎಂಡ್ಯೂರೆನ್ಸ್’ ಹಡಗು ಹಿಮದ ಹಿಡಿತದಲ್ಲಿ ನಲುಗಿ ಮುರಿಯುವುದನ್ನು ಆ ಮನುಷ್ಯ ದಿನಕ್ಕೆರಡು ಸಲ ನೋಡಬೇಕಿತ್ತು, ನೋಡುತ್ತ ಮಾತಾಡಬೇಕಿತ್ತು. ಹರ್ಲಿ ಹಿಮದ ಮೇಲೆಯೇ ಕೂತು ಸುಮಾರು 120 ಗಾಜಿನ ಪ್ಲೇಟುಗಳನ್ನು ಉಳಿಸಿಕೊಂಡು, ಹೊರಲಾರದ ಸುಮಾರು 400ನ್ನು ಒಡೆದುಹಾಕಿದ್ದ. ಆ ಯಾತ್ರೆಯಿಂದ ಉಳಿದುಬಂದ ಚಿತ್ರಗಳಲ್ಲೇ ಒಂದು ದೊಡ್ಡ ತಿರುಚುವಿಕೆ ಇದೆ. ಹಡಗು ಕಳೆದುಕೊಂಡು ಎಲಿಫೆಂಟ್ ದ್ವೀಪದಲ್ಲಿ ಸಿಕ್ಕಿಬಿದ್ದವರು ಕೈಬೀಸಿ ರಕ್ಷಣಾ ಹಡಗನ್ನು ಸ್ವಾಗತಿಸುವ ಚಿತ್ರವೆಂದು ಪ್ರಸಿದ್ಧವಾದದ್ದು ನಿಜಕ್ಕೂ 1916ರ ಏಪ್ರಿಲ್‌ನಲ್ಲಿ ನೆರವು ತರಲು ಹೊರಟ ‘ಜೇಮ್ಸ್ ಕೇರ್ಡ್’ ಎಂಬ ಪುಟ್ಟ ದೋಣಿಯನ್ನು ಬೀಳ್ಕೊಡುವಾಗ ತೆಗೆದದ್ದು. ರಕ್ಷಣೆ ಬಂದದ್ದು ಆಗಸ್ಟ್ 30ರಂದು. ವಿದಾಯದ ಚಿತ್ರವನ್ನು ಸ್ವಾಗತದ ಚಿತ್ರವಾಗಿಸಿದ್ದಕ್ಕೆ ಹರ್ಲಿಯೊಬ್ಬನನ್ನು ದೂರಿ ಫಲವಿಲ್ಲ. ಟಿಕೆಟ್ ಕೊಂಡು ಬಂದವರಿಗೆ ಕಥೆಯ ಕೊನೆ ಬೇಕಿತ್ತು.

ಹಾಗಾದರೆ ಬೇರೆ ಮಾದರಿ ಎಲ್ಲಿತ್ತು? ಸ್ಕಾಟ್‌ನ ಆ ಬಿಡಾರದಲ್ಲೇ ಇತ್ತು. 1911ರ ಚಳಿಗಾಲ, ತಿಂಗಳುಗಟ್ಟಲೆ ಸೂರ್ಯನಿಲ್ಲ. ಕೇಪ್ ಇವಾನ್ಸ್‌ನ ಮರದ ಮನೆಯಲ್ಲಿ ವಾರಕ್ಕೆ ಮೂರು ಸಂಜೆ ಉಪನ್ಯಾಸ. ವಿಲ್ಸನ್ ಪೆಂಗ್ವಿನ್‌ಗಳ ಬಗ್ಗೆ ಹೇಳುತ್ತಿದ್ದ, ಚಾರ್ಲ್ಸ್ ರೈಟ್ ಮಂಜುಗಡ್ಡೆಯ ಬಗ್ಗೆ, ಓಟ್ಸ್ ಕುದುರೆಗಳ ಆರೈಕೆಯ ಬಗ್ಗೆ. ಪಾಂಟಿಂಗ್ ಸ್ಲೈಡುಗಳಲ್ಲಿ ಬರ್ಮಾ, ಜಪಾನುಗಳನ್ನು ತೋರಿಸುತ್ತಿದ್ದ. ಹವಾಮಾನದ ಪಾಠ ಜಾರ್ಜ್ ಸಿಂಪ್ಸನ್‌ನದು. ಸಿಮ್ಲಾದಲ್ಲಿ ಭಾರತೀಯ ಹವಾಮಾನ ಇಲಾಖೆಯ ಕೆಲಸದಲ್ಲಿದ್ದವನು ಅಲ್ಲಿಂದ ಅಂಟಾರ್ಕ್ಟಿಕಾಕ್ಕೆ ಹೋಗಿ, 1912ರಲ್ಲಿ ಮತ್ತೆ ಅದೇ ಇಲಾಖೆಗೆ ಮರಳಿದ. ಈತ ಬಲೂನಿಗೆ ಉಷ್ಣತೆ ಮತ್ತು ಒತ್ತಡ ದಾಖಲಿಸುವ ಹಗುರ ಉಪಕರಣ ಕಟ್ಟಿ ಮೇಲಕ್ಕೆ ಬಿಡುತ್ತಿದ್ದ. ಉಪಕರಣಕ್ಕೆ ಮೈಲುಗಟ್ಟಲೆ ಉದ್ದದ ರೇಷ್ಮೆ ನೂಲು. ನಿಧಾನವಾಗಿ ಉರಿಯುವ ಬತ್ತಿ ಮುಗಿದಾಗ ಉಪಕರಣ ಬಲೂನಿನಿಂದ ಬೇರ್ಪಟ್ಟು ಕೆಳಗೆ ಬೀಳುತ್ತಿತ್ತು. ಹಿಮದ ಮೇಲೆ ಬಿದ್ದ ನೂಲಿನ ಜಾಡು ಹಿಡಿದು ನಡೆದುಹೋಗಿ ಅದನ್ನು ಹುಡುಕಬೇಕು. ದಿನವೆಲ್ಲ ನೂಲು ಹಿಡಿದು ನಡೆದವನು ಸಂಜೆ ಗೆಳೆಯರ ಮುಂದೆ ನಿಂತು ಗಾಳಿಯ ಬಗ್ಗೆ ಮಾತಾಡಿದರೆ, ಕೇಳುವವರು ಸುಮ್ಮನೆ ತಲೆದೂಗಿ ಏಳುವವರಲ್ಲ. ನಾಳೆ ಅದೇ ಗಾಳಿಯಲ್ಲಿ ನಡೆಯಬೇಕಾದವರು ಅವರು. ಮಾತಿನ ನಂತರ ವಾದ ನಡೆಯುತ್ತಿತ್ತು. ಧ್ರುವವಿಜ್ಞಾನವನ್ನು ಜನರಿಗೆ ಹೇಳಿದ ಎಲ್ಲ ಸಭೆಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು, ಎರಡು ಡಜನ್ ಜನರಿದ್ದ ಆ ಸಭೆ.

ಲಂಡನ್ನಿನ ಮಾದರಿ ಏನನ್ನು ಕಳೆಯಿತು ಎಂಬುದಕ್ಕೆ ಕಲ್ಲುಗಳ ಕಥೆ ಸಾಕು. 1912ರ ನವೆಂಬರ್‌ನಲ್ಲಿ ಸ್ಕಾಟ್, ವಿಲ್ಸನ್, ಬವರ್ಸ್ ಶವಗಳಿದ್ದ ಡೇರೆ ಸಿಕ್ಕಾಗ, ಅವರ ಜಾರುಬಂಡಿಯಲ್ಲಿ ಸುಮಾರು 16 ಕಿಲೋ ಕಲ್ಲುಗಳಿದ್ದವು. ಸಾಯುವ ಸ್ಥಿತಿಯಲ್ಲೂ ಅವರು ಅವನ್ನು ಎಸೆದಿರಲಿಲ್ಲ. ಶತಮಾನದಿಂದ ಈ ಸಂಗತಿಯನ್ನು ನಿಷ್ಠೆಯ, ತ್ಯಾಗದ ನಿದರ್ಶನವಾಗಿ ಹೇಳುತ್ತ ಬಂದಿದ್ದಾರೆ. ಕಲ್ಲುಗಳು ಏನು ಹೇಳಿದವು ಎಂಬುದನ್ನು ಹೇಳುವವರು ಕಡಿಮೆ. ಅವುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಪುರಾತನ ಸಸ್ಯದ ಎಲೆಗಳ ಪಳೆಯುಳಿಕೆ ಇತ್ತು. ಸಸ್ಯವಿಜ್ಞಾನಿ ಎ.ಸಿ. ಸೀವರ್ಡ್ ಅದನ್ನು ವಿವರಿಸಿ ಪ್ರಕಟಿಸಿದ್ದು 1914ರಲ್ಲಿ, ಪಾಂಟಿಂಗ್‌ನ ಉಪನ್ಯಾಸಗಳು ಶುರುವಾದ ವರ್ಷವೇ. ಅದೇ ಎಲೆ ನಮ್ಮ ರಾಣಿಗಂಜ್ ಕಲ್ಲಿದ್ದಲಿನ ಪದರಗಳಲ್ಲಿದೆ. ಏಕೆಂದರೆ ಒಂದು ಕಾಲಕ್ಕೆ ಭಾರತದ ಪೂರ್ವ ಕರಾವಳಿ ಅಂಟಾರ್ಕ್ಟಿಕಾಕ್ಕೆ ಅಂಟಿಕೊಂಡಿತ್ತು. ಹೀಗೆ ಕೂಡಿದ್ದ ಭೂಖಂಡದ ಹೆಸರು ಗೊಂಡ್ವಾನಾ ಎಂದಾದದ್ದು ನಮ್ಮ ಮಧ್ಯಭಾರತದ ಗೊಂಡರ ನಾಡಿನಿಂದ. ಸತ್ತವರ ಧೈರ್ಯ ದೊಡ್ಡದು, ಅದನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಅವರು ಪ್ರಾಣಕ್ಕಿಂತ ಹೆಚ್ಚೆಂದು ಎಳೆದು ತಂದದ್ದನ್ನು ಓದದೆ ಅವರಿಗೆ ಕೈಮುಗಿಯುವುದು ಅರ್ಧ ಗೌರವ ಮಾತ್ರ.

ಇಂದಿನ ಕಾರ್ಯಕ್ರಮಗಳಿಗೆ ಬರೋಣ. 2016ರಲ್ಲಿ ಬ್ರಿಟನ್ನಿನ ಪರಿಸರ ಸಂಶೋಧನಾ ಮಂಡಳಿ ತನ್ನ ಹೊಸ ಧ್ರುವನೌಕೆಗೆ ಹೆಸರು ಸೂಚಿಸಿ ಎಂದು ಜನರನ್ನು ಕೇಳಿತು. ‘ಬೋಟಿ ಮೆಕ್‌ಬೋಟ್‌ಫೇಸ್’ ಎಂಬ ತುಂಟ ಹೆಸರಿಗೆ 1,24,109 ಮತ ಬಿದ್ದವು. ಸರ್ಕಾರ ಹಡಗಿಗೆ ಡೇವಿಡ್ ಅಟೆನ್‌ಬರೋ ಹೆಸರಿಟ್ಟು, ಜನ ಗೆಲ್ಲಿಸಿದ ಹೆಸರನ್ನು ಅದರೊಡನೆ ಕೆಲಸ ಮಾಡುವ ಸ್ವಯಂಚಾಲಿತ ಜಲಾಂತರ್ಗಾಮಿಗೆ ಕೊಟ್ಟಿತು. ಇದು ಯಶಸ್ಸೋ ಮುಜುಗರವೋ ಎಂದು ಸಂಸತ್ತಿನ ಸಮಿತಿಯೂ ವಿಚಾರಣೆ ನಡೆಸಿತು. ನನ್ನ ಮಟ್ಟಿಗೆ ಮತದಾನದಲ್ಲಿ ತಪ್ಪೇನೂ ಇಲ್ಲ. ಮಕ್ಕಳೂ ದೊಡ್ಡವರೂ ಒಂದು ಸಂಶೋಧನಾ ಹಡಗಿನ ಬಗ್ಗೆ ವಾರಗಟ್ಟಲೆ ಮಾತಾಡಿದ್ದು ಸಣ್ಣ ಸಂಗತಿಯಲ್ಲ. ತಪ್ಪಾದದ್ದು ಆಮೇಲೆ. 2017ರಲ್ಲಿ ಆ ಪುಟ್ಟ ಯಂತ್ರ ಅಂಟಾರ್ಕ್ಟಿಕಾದ ಉತ್ತರಕ್ಕಿರುವ ಆರ್ಕ್ನಿ ಪ್ಯಾಸೇಜ್ ಎಂಬ ಆಳವಾದ ಕಣಿವೆಯಲ್ಲಿ ಈಜಿತು. ದಕ್ಷಿಣ ಸಾಗರದ ಮೇಲೆ ಗಾಳಿ ಬಿರುಸಾದಷ್ಟೂ ಕಡಲಾಳದಲ್ಲಿ ಕಲಕುವಿಕೆ ಹೆಚ್ಚಿ, ನಡುಮಟ್ಟದ ಬೆಚ್ಚಗಿನ ನೀರು ತಳದ ತಣ್ಣೀರಿಗೆ ಬೆರೆಯುತ್ತದೆ ಎಂದು ಅದರ ಅಳತೆಗಳು ತೋರಿಸಿದವು. 2019ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೇಲೆ ಬೀಸುವ ಗಾಳಿ ಸಾವಿರಾರು ಮೀಟರ್ ಕೆಳಗಿನ ನೀರನ್ನು ಬಿಸಿ ಮಾಡುತ್ತದೆ ಎಂಬ ಮಾತು ಹೆಸರಿನ ತಮಾಷೆಗಿಂತ ಎಷ್ಟೋ ಪಾಲು ಬೆರಗಿನದು. ಹೆಸರು ಗೊತ್ತಿರುವ ಎಷ್ಟು ಮಂದಿಗೆ ಈ ಮಾತು ತಲುಪಿದೆ? ಜನ ಮತ ಹಾಕಿದರು, ಬಾಗಿಲು ತೆರೆಯಿತು, ಒಳಗೆ ಕರೆಯಲು ಯಾರೂ ನಿಂತಿರಲಿಲ್ಲ.

2022ರ ಮಾರ್ಚ್ 5ರಂದು ವೆಡೆಲ್ ಸಮುದ್ರದ 3,008 ಮೀಟರ್ ಆಳದಲ್ಲಿ ‘ಎಂಡ್ಯೂರೆನ್ಸ್’ ಪತ್ತೆಯಾದದ್ದನ್ನೂ ಇಲ್ಲಿ ನೆನೆಯಬೇಕು. ಅವಶೇಷವನ್ನು ಮುಟ್ಟದೆ, ಏನನ್ನೂ ಮೇಲೆತ್ತದೆ ಬರೀ ನೋಡಿ ಬಂದದ್ದು ಮೆಚ್ಚಬೇಕಾದ ಸಂಯಮ. ಹಿಂಬದಿಯ ಹಲಗೆಯ ಮೇಲೆ ಹಡಗಿನ ಹೆಸರು ಅಚ್ಚಳಿಯದೆ ಉಳಿದಿರುವ ಚಿತ್ರ ಯಾರ ಮನಸ್ಸನ್ನಾದರೂ ಕಲಕುತ್ತದೆ. ಆದರೂ ಪ್ರಚಾರದ ರೀತಿ ಹಳೆಯ ಹಾಲ್‌ನದೇ: ಮತ್ತೆ ಶ್ಯಾಕಲ್ಟನ್, ಮತ್ತೆ ಅದೇ ಕಥೆ. ಅದೇ ಯಾತ್ರೆಯಲ್ಲಿ ಸಮುದ್ರದ ಮಂಜನ್ನು ಅಭ್ಯಾಸ ಮಾಡಿದ ವಿಜ್ಞಾನಿಗಳು ಹಿನ್ನೆಲೆಯಲ್ಲೇ ಉಳಿದರು.

ಇವೆಲ್ಲಕ್ಕಿಂತ ಬೇರೆ ದಾರಿ ಹಿಡಿದದ್ದು ‘ಐಸ್ ವಾಚ್’. ಕಲಾವಿದ ಒಲಾಫರ್ ಎಲಿಯಾಸನ್ ಮತ್ತು ಗ್ರೀನ್‌ಲ್ಯಾಂಡ್ ಮೂಲದ ಭೂವಿಜ್ಞಾನಿ ಮಿನಿಕ್ ರೋಸಿಂಗ್ ಸೇರಿ, ನೂಕ್ ಪಟ್ಟಣದ ಬಳಿಯ ಕಡಲಕೊಲ್ಲಿಯಲ್ಲಿ ತೇಲುತ್ತಿದ್ದ ಮಂಜುಗಡ್ಡೆಗಳನ್ನು ತಂದು ಊರ ಚೌಕಗಳಲ್ಲಿ ಕರಗಲು ಬಿಟ್ಟರು. 2014ರಲ್ಲಿ ಕೋಪನ್‌ಹೇಗನ್, 2015ರ ಡಿಸೆಂಬರ್‌ನಲ್ಲಿ ಹವಾಮಾನ ಸಮ್ಮೇಳನದ ವೇಳೆ ಪ್ಯಾರಿಸ್, 2018ರಲ್ಲಿ ಲಂಡನ್. ಪ್ಯಾರಿಸ್‌ನ ಪ್ಯಾಂಥಿಯಾನ್ ಎದುರು ಹನ್ನೆರಡು ಗಡ್ಡೆಗಳನ್ನು ಗಡಿಯಾರದ ಅಂಕಿಗಳಂತೆ ವೃತ್ತದಲ್ಲಿ ಇಟ್ಟಿದ್ದರು. ಈ ಗಡಿಯಾರವೇ ಕೃತಿಯ ದುರ್ಬಲ ಭಾಗ ಎಂದು ನನಗನ್ನಿಸುತ್ತದೆ. ಮಂಜು ಬಾಯಿ ಬಿಡುವ ಮೊದಲೇ ನೋಡುವವರಿಗೆ ಏನು ಅನ್ನಿಸಬೇಕೆಂದು ಅದು ಹೇಳಿಬಿಡುತ್ತದೆ. ಅದನ್ನು ಮೀರಿಸಿದ್ದು ಸದ್ದು. ಜನ ಗಡ್ಡೆಯನ್ನು ತಬ್ಬಿದರು, ನಾಲಿಗೆ ತಾಗಿಸಿದರು, ಕಿವಿ ಇಟ್ಟು ಕೇಳಿದರು. ಒಳಗಿಂದ ಚಿಟಪಟ ಸದ್ದು. ಹಿಮ ಬಿದ್ದು, ಒತ್ತಿ, ಗಟ್ಟಿಯಾಗುವಾಗ ಸಿಕ್ಕಿಬಿದ್ದ ಗಾಳಿಯ ಗುಳ್ಳೆಗಳು ಒಡೆಯುವ ಸದ್ದು ಅದು. ಆ ಗಾಳಿ ಸಾವಿರಾರು ವರ್ಷ ಹಳೆಯದು.

ಧ್ರುವವಿಜ್ಞಾನದ ಒಂದು ದೊಡ್ಡ ಶಾಖೆ ಹುಟ್ಟಿದ್ದೇ ಈ ಗುಳ್ಳೆಗಳಿಂದ. 1965ರಲ್ಲಿ ಫ್ರೆಂಚ್ ವಿಜ್ಞಾನಿ ಕ್ಲೋಡ್ ಲೋರಿಯಸ್ ಅಂಟಾರ್ಕ್ಟಿಕಾದ ಹಳೆಯ ಮಂಜಿನ ಚೂರುಗಳನ್ನು ವಿಸ್ಕಿಯ ಲೋಟಕ್ಕೆ ಹಾಕಿದಾಗ ಗುಳ್ಳೆ ಏಳುವುದನ್ನು ಕಂಡು, ಇದು ಹಳೆಯ ಕಾಲದ ಗಾಳಿಯ ಕಣಜವಲ್ಲವೇ ಎಂದು ಯೋಚಿಸಿದರು. ಮುಂದೆ ಯುರೋಪಿನ ತಂಡ ಡೋಮ್ ಸಿ ಎಂಬಲ್ಲಿ ಮೂರು ಸಾವಿರ ಮೀಟರಿಗೂ ಆಳಕ್ಕೆ ಕೊರೆದು 8,00,000 ವರ್ಷಗಳ ದಾಖಲೆ ತೆಗೆಯಿತು. 2025ರ ಜನವರಿಯಲ್ಲಿ ಅದರ ಹತ್ತಿರದಲ್ಲೇ ಮತ್ತೊಂದು ಕೊರೆತ 2,800 ಮೀಟರ್ ಆಳದ ಬಂಡೆ ಮುಟ್ಟಿ, 12 ಲಕ್ಷ ವರ್ಷಕ್ಕೂ ಹಿಂದಿನ ಮಂಜನ್ನು ಮೇಲೆ ತಂದಿತು. ಆ 8 ಲಕ್ಷ ವರ್ಷಗಳಲ್ಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷ ಭಾಗದಲ್ಲಿ 300ನ್ನು ದಾಟಿರಲಿಲ್ಲ. ಈಗ 420ಕ್ಕೂ ಮೇಲಿದೆ. ಚೌಕದಲ್ಲಿ ಕಿವಿಯಿಟ್ಟು ನಿಂತವನಿಗೆ ಆ ಕ್ಷಣದಲ್ಲಿ ಯಾರಾದರೂ ಈ ಎರಡು ಸಂಖ್ಯೆ ಹೇಳಿದ್ದರೆ ಅವನು ಜನ್ಮದಲ್ಲಿ ಮರೆಯುತ್ತಿರಲಿಲ್ಲ. ‘ಐಸ್ ವಾಚ್’ ಕಿವಿಯನ್ನು ಗೆದ್ದಿತು, ಸಂಖ್ಯೆಯನ್ನು ಪಕ್ಕಕ್ಕಿಟ್ಟಿತು. ಅಷ್ಟು ಮಂಜನ್ನು ಹಡಗಿನಲ್ಲಿ, ಲಾರಿಯಲ್ಲಿ ತಂದು ಎಷ್ಟು ಹೊಗೆ ಬಿಟ್ಟಿರಿ ಎಂದು ಕೆಲವರು ಕೇಳಿದರು. ಅದರ ಲೆಕ್ಕವನ್ನು ಎಲಿಯಾಸನ್ ತಂಡ ಹೊರಗಿನವರಿಂದ ಮಾಡಿಸಿ ಬಹಿರಂಗಪಡಿಸಿತ್ತು. ನನಗೆ ಅದಕ್ಕಿಂತ ಮುಖ್ಯವೆನಿಸುವುದು ಶಾಲಾ ಮಕ್ಕಳು ಕೇಳಬಹುದಾದ ಪ್ರಶ್ನೆ: ತೇಲುತ್ತಿದ್ದ ಗಡ್ಡೆ ಕರಗಿದರೆ ಕಡಲು ಏರುತ್ತದೆಯೇ? ಹೆಚ್ಚುಕಡಿಮೆ ಇಲ್ಲ. ಏರಿಸುವುದು ನೆಲದ ಮೇಲಿಂದ ಜಾರಿ ಬರುವ ಮಂಜು. ಈ ವ್ಯತ್ಯಾಸವನ್ನು ಬಿಡಿಸಿ ಹೇಳಲು ಆ ಚೌಕಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗುತ್ತದೆ?

ಇನ್ನು ನಮ್ಮ ದೇಶದ ಮಾತು. ಭಾರತದ ಮೊದಲ ಅಂಟಾರ್ಕ್ಟಿಕಾ ತಂಡ ಎಸ್.ಜೆಡ್. ಖಾಸಿಂ ನೇತೃತ್ವದಲ್ಲಿ 1981ರ ಡಿಸೆಂಬರ್‌ನಲ್ಲಿ ಗೋವಾದಿಂದ ಹೊರಟು, ಮರುವರ್ಷ ಜನವರಿಯಲ್ಲಿ ಅಲ್ಲಿ ಕಾಲಿಟ್ಟಿತು. ಇಂದು ಮೈತ್ರಿ, ಭಾರತಿ ನೆಲೆಗಳಿವೆ, ಆರ್ಕ್ಟಿಕ್‌ನಲ್ಲಿ ಹಿಮಾದ್ರಿ ಇದೆ. 1983-84ರ ತಂಡದಲ್ಲಿದ್ದ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ ತಮ್ಮ ಅನುಭವವನ್ನು ಬಂಗಾಳಿಯಲ್ಲೇ ಪುಸ್ತಕವಾಗಿ ಬರೆದರು. ನಮ್ಮಲ್ಲಿ ಬೆಂಗಳೂರಿನ ನೆಹರು ತಾರಾಲಯ ಆಕಾಶದ ವಿಷಯದಲ್ಲಿ ಮಾಡಿರುವುದನ್ನು, ಅಂದರೆ ಕನ್ನಡದಲ್ಲಿ ವಿವರಿಸಿ ದೂರದರ್ಶಕಕ್ಕೆ ಕಣ್ಣಿಡಲು ಬಿಡುವುದನ್ನು, ಧ್ರುವದ ವಿಷಯದಲ್ಲೂ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ತ್ರಿವರ್ಣ ಧ್ವಜದ ಪಕ್ಕ ನಿಂತ ಫೋಟೊ, ಪೆಂಗ್ವಿನ್ ಸ್ಲೈಡು, ಕಡೆಗೊಂದು ಚಪ್ಪಾಳೆ ಸಾಲದು.

ಅಂಥ ಸಭೆ ಕಾರವಾರದಲ್ಲೋ ಮಂಗಳೂರಿನಲ್ಲೋ ನಡೆದರೆ ಎಲ್ಲಿಂದ ಶುರುವಾಗಬೇಕೆಂದು ನನಗೆ ಅನುಮಾನವಿಲ್ಲ. ಅಂಟಾರ್ಕ್ಟಿಕಾದ ಹಿಮರಾಶಿ ಎಷ್ಟು ಭಾರವೆಂದರೆ, ತನ್ನ ಗುರುತ್ವದಿಂದಲೇ ಸುತ್ತಲಿನ ಕಡಲನ್ನು ತನ್ನ ಕಡೆಗೆ ಎಳೆದುಕೊಂಡಿದೆ. ಆ ಮಂಜು ಕರಗಿ ಹಗುರಾದರೆ ಹಿಡಿತ ಸಡಿಲವಾಗಿ, ಹತ್ತಿರದ ಕಡಲು ಇಳಿಯುತ್ತದೆ, ದೂರದ ಕಡಲು ಸರಾಸರಿಗಿಂತ ಹೆಚ್ಚು ಏರುತ್ತದೆ. ಭೂಮಧ್ಯರೇಖೆಯ ಈಚೆಗಿರುವ ನಮ್ಮ ಕರಾವಳಿ ಆ ದೂರದ ಪಾಲಿಗೆ ಸೇರಿದ್ದು. ಮುಂಬೈಯ ಅಪೊಲೊ ಬಂದರಿನಲ್ಲಿ 1878ರಿಂದ ಕಡಲ ಮಟ್ಟದ ಅಳತೆ ಬರೆದಿಡಲಾಗಿದೆ. ಆ ದಾಖಲೆಯ ಪ್ರತಿಯನ್ನು ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ಒಂದು ಲೋಟ ನೀರಿಗೆ ಹಳೆಯ ಮಂಜಿನ ಚೂರು ಹಾಕಿ, ಭಾರತಿ ನೆಲೆಯಲ್ಲಿ ಚಳಿಗಾಲ ಕಳೆದವರೊಬ್ಬರು ಅರ್ಧ ಹೊತ್ತು ಮಾತಾಡಲಿ. ಉಳಿದರ್ಧ ಮೀನುಗಾರರ, ಶಾಲೆಯ ಮಕ್ಕಳ ಪ್ರಶ್ನೆಗಳಿಗೆ ಇರಲಿ. ಗೊತ್ತಿರುವುದಕ್ಕೆ ಉತ್ತರ ಕೊಡಲಿ. ಇನ್ನೂ ಅಳೆಯುತ್ತಿರುವುದನ್ನು ಹೇಗೆ ಅಳೆಯುತ್ತಿದ್ದೇವೆಂದು ತೋರಿಸಲಿ.