ಗದುಗಿನ ಭಾರತದ ನಾರದನೀತಿ

ಯುದ್ಧಶಾಸ್ತ್ರವು ಒಂದು ಭಾಷೆಯಿಂದ ಮತ್ತೊಂದಕ್ಕೆ ಸಾಗುವ ಮಾರ್ಗಗಳು ಎರಡು: ವ್ಯಾಖ್ಯಾನಮಾರ್ಗ, ಕಾವ್ಯಮಾರ್ಗ. ಮೊದಲನೆಯದಕ್ಕೆ ಜಪಾನವು ನಿದರ್ಶನವು. ಅಲ್ಲಿ ತೊಕುಗಾವಾ ಇಯೆಯಾಸುವು 1606ರಲ್ಲಿ ಚೀನದ ಏಳು ಯುದ್ಧಗ್ರಂಥಗಳನ್ನು ಅಚ್ಚುಹಾಕಿಸಿದನು. ಹಯಾಶಿ ರಜಾನ್, ಯಾಮಾಗಾ ಸೊಕೊ, ಒಗ್ಯು ಸೊರಾಯಿ ಮೊದಲಾದ ಪಂಡಿತರು ಸುನ್‌ತ್ಸುವಿನ ಗ್ರಂಥಕ್ಕೆ ಟೀಕೆಗಳನ್ನು ರಚಿಸಿದರು. ಶಾಸ್ತ್ರವು ಶಾಸ್ತ್ರವಾಗಿಯೇ ಓದುಗರ ಕೈಸೇರಿತು.

ಕನ್ನಡನಾಡಿನಲ್ಲಿ ಸಂಸ್ಕೃತದ ದಂಡನೀತಿಯು ಬಹುಮಟ್ಟಿಗೆ ಎರಡನೆಯ ಮಾರ್ಗವನ್ನೇ ಹಿಡಿಯಿತು. ಚಾಲುಕ್ಯ ಜಗದೇಕಮಲ್ಲ ಜಯಸಿಂಹನ ಸಂಧಿವಿಗ್ರಹಿಯಾದ ದುರ್ಗಸಿಂಹನು ಸುಮಾರು 1031ರಲ್ಲಿ ವಸುಭಾಗಭಟ್ಟನ ಪಂಚತಂತ್ರವನ್ನು ಕನ್ನಡ ಚಂಪುವಾಗಿ ರಚಿಸಿದನು. ಸಂಧಿವಿಗ್ರಹಗಳೇ ವೃತ್ತಿಯಾಗಿದ್ದವನು ಭೇದ, ವಂಚನೆಗಳ ಮರ್ಮವನ್ನು ಕಥಾರೂಪದಿಂದ ತಿಳಿಸಿದನು. ಈ ಮಾರ್ಗದ ಪರಿಪಕ್ವ ಫಲವು ಹದಿನೈದನೆಯ ಶತಮಾನದ ಕುಮಾರವ್ಯಾಸನಲ್ಲಿ ಕಾಣುವದು.

ಗದುಗಿನ ಭಾರತದ ಸಭಾಪರ್ವದಲ್ಲಿ ನಾರದನು ಧರ್ಮರಾಯನನ್ನು ಮಂತ್ರಿ, ಸೇನೆ, ಬೊಕ್ಕಸ, ಪ್ರಜಾಪಾಲನೆಗಳ ವಿಷಯವಾಗಿ ಪ್ರಶ್ನಿಸುವನು. ಇದು ಕಥಾಗತಿಗೆ ತಡೆಯೆಂಬ ಆಕ್ಷೇಪವುಂಟು. ಕೆಲವೆಡೆ ಷಟ್ಪದಿಗಳು ಬರಿಯ ಗಣನೆಯಾಗಿ, ರಸವು ತೆಳುವಾಗುವದೂ ನಿಜವೇ. ಆದರೆ ಪ್ರಕರಣವೇ ಅನಾವಶ್ಯಕವೆಂಬ ಮಾತು ಸಮಂಜಸವಲ್ಲ.

ಕುಮಾರವ್ಯಾಸನು ಹತ್ತೇ ಪರ್ವಗಳನ್ನು ಹೇಳಿ ಗದಾಪರ್ವಕ್ಕೆ ನಿಲ್ಲಿಸಿದನು. ಉಳಿದುದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಪೂರೈಸಿದನು. ಆದುದರಿಂದ ಶರಶಯ್ಯೆಯ ಮೇಲಿನ ಭೀಷ್ಮನ ರಾಜಧರ್ಮೋಪದೇಶವು ಗದುಗಿನ ಭಾರತದಲ್ಲಿಲ್ಲ. ವ್ಯಾಸಭಾರತದಲ್ಲಿ ನೀತಿಯು ಯುದ್ಧದ ಮೊದಲೂ ಉಂಟು, ಅನಂತರವೂ ಉಂಟು. ಅನಂತರದ್ದು ಶೋಕಾರ್ತನಾದ ಅರಸನಿಗೆ ಸಾಂತ್ವನವು. ಇಲ್ಲಿ ಸಾಂತ್ವನಕ್ಕೆ ಎಡೆಯಿಲ್ಲ. ಸಭಾಪರ್ವದ ನಾರದನೀತಿ, ಉದ್ಯೋಗಪರ್ವದ ವಿದುರನೀತಿ ಎರಡೂ ಯುದ್ಧಕ್ಕೆ ಮುಂಚಿನವು, ಎರಡೂ ಎಚ್ಚರಿಕೆಗಳೇ.

ಮತ್ತೊಂದು ಅಂಶವು ವಿಚಾರಾರ್ಹವಾಗಿದೆ. ವ್ಯಾಸರ ಮೂಲದಲ್ಲಿ ನಾರದನ ಪ್ರಶ್ನೆಗಳೊಳಗೆ ಪಾನದ್ಯೂತಾದಿ ವ್ಯಸನಗಳ ವೆಚ್ಚದ ಮಾತೂ ಬರುವದು. ಆ ಪ್ರಶ್ನೆಗಳನ್ನು ಕೇಳಿದ ಅರಸನೇ ಅದೇ ಪರ್ವದಲ್ಲಿ ಪಗಡೆಯ ಹಾಸಿಗೆ ಕುಳಿತು ರಾಜ್ಯವನ್ನು ಕಳೆದುಕೊಳ್ಳುವನು. ಅಜ್ಞಾನದಿಂದ ಕೆಟ್ಟವನ ಕಥೆ ಇದಲ್ಲ. ತಿಳಿದೂ ಕೆಟ್ಟವನ ಕಥೆ. ನಾರದನೀತಿಯನ್ನು ತೆಗೆದುಹಾಕಿದರೆ ದ್ಯೂತವು ಶಕುನಿಯ ಕಪಟಮಾತ್ರವಾಗಿ ಉಳಿದು, ಧರ್ಮರಾಯನ ಹೊಣೆಯು ಮರೆಯಾಗುವದು.

ಟೀಕೆಯಿಂದ ಬಂದ ಶಾಸ್ತ್ರವು ಓದುಬಲ್ಲವನಿಗೆ ಜಯೋಪಾಯವನ್ನು ಕಲಿಸಬಹುದು. ಗಮಕಿಯ ಕಂಠದಿಂದ ಬಂದ ನೀತಿಯು ಅಕ್ಷರವರಿಯದ ಶ್ರೋತೃವಿಗೂ ಅರಸನನ್ನು ಅಳೆಯುವ ಕೋಲನ್ನು ಕೊಡುವದು. ಪಾಠಕ್ಕಾಗಿ ದ್ಯೂತಪ್ರಸಂಗವನ್ನು ಆಯುವವರು ನಾರದನ ಪ್ರಶ್ನೆಗಳನ್ನೂ ಅದರೊಡನೆ ಇಡುವದು ಯುಕ್ತವು.