ಗೋಪಾಲಯ್ಯನ ಉಪಚಾರ

ಪುತ್ತೂರಿನಲ್ಲಿ ದಶಕಗಳ ಕಾಲ ನೆಲೆಸಿದ್ದ ಶಿವರಾಮ ಕಾರಂತರ ‘ಬೆಟ್ಟದ ಜೀವ’ (1943) ನಮ್ಮ ತರಗತಿಗಳಲ್ಲಿ ಸಾಮಾನ್ಯವಾಗಿ ಕಾಡಿನ ಕಾದಂಬರಿ. ಹಿಂದೆ ಸುಳ್ಯ ತಾಲ್ಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿರುವ ಸುಬ್ರಹ್ಮಣ್ಯದ ಸುತ್ತಿನ ಬೆಟ್ಟ, ಹುಲಿ, ಅಡಿಕೆ ತೋಟ, ನಡುವೆ ಒಬ್ಬ ಗಟ್ಟಿ ಮುದುಕ. ನನಗೆ ಮಾತ್ರ ಗೋಪಾಲಯ್ಯ ಕಾಡನ್ನು ಪಳಗಿಸಿದ್ದಕ್ಕಿಂತ ಮನುಷ್ಯರನ್ನು ಒಲಿಸಿಕೊಂಡ ಬಗೆಯೇ ಹೆಚ್ಚು ಕುತೂಹಲದ್ದು.

ದಾರಿ ತಪ್ಪಿದ ನಿರೂಪಕನನ್ನು ದೇರಣ್ಣ, ಬಟ್ಯ ಕೆಳಬೈಲಿನ ಮನೆಗೆ ತಂದು ಮುಟ್ಟಿಸುತ್ತಾರೆ. ಒಂದು ರಾತ್ರಿಯ ಆಸರೆ ಸಾಕಾಗಿದ್ದವನು ದಿನಗಟ್ಟಲೆ ಉಳಿದುಬಿಡುತ್ತಾನೆ. ಅವನನ್ನು ಯಾರೂ ತಡೆಯುವುದಿಲ್ಲ. ಬಿಸಿನೀರಿನ ಸ್ನಾನ, ಊಟ, ತಮಾಷೆ, ನಾಳೆ ನೋಡಲೇಬೇಕಾದ ಇನ್ನೊಂದು ಜಾಗ, ಇಷ್ಟೇ. ದಣಿದವನಿಗೆ ಏನು ಬೇಕು, ಯಾವ ಮಾತಿಗೆ ಪೇಟೆಯವನು ಗುಡ್ಡ ಹತ್ತಲು ಎದ್ದು ನಿಲ್ಲುತ್ತಾನೆ ಎಂಬುದು ಮುದುಕನಿಗೆ ಚೆನ್ನಾಗಿ ಗೊತ್ತು. ಇದನ್ನು ಬರೀ ಮುಗ್ಧತೆ ಎಂದು ಹೊಗಳುವುದು ಅವನ ಜಾಣತನಕ್ಕೆ ಮಾಡುವ ಅನ್ಯಾಯ. ಆದರೆ ಆ ಉಪಚಾರದ ಕೆಳಗೆ ಮಗ ಶಂಭು ಮನೆ ಬಿಟ್ಟುಹೋದ ಖಾಲಿತನವಿದೆ. ಅತಿಥಿ ಹೊರಟರೆ ಮನೆಯಲ್ಲಿ ಮತ್ತೆ ಇಬ್ಬರು ಮುದುಕರೇ.

ನಾರಾಯಣನ ವಿಷಯ ಇನ್ನಷ್ಟು ಬಿಗಿ. ಗೋಪಾಲಯ್ಯ ಅವನನ್ನು ಮಗನಂತೆ ಕಂಡು ಕಾಟುಮೂಲೆಯಲ್ಲಿ ನೆಲೆ ಮಾಡಿಕೊಟ್ಟಿದ್ದಾನೆ. ಸ್ವಂತದ್ದೆಂಬ ಭಾವವಿದ್ದರೆ ಮನುಷ್ಯ ಎರಡರಷ್ಟು ದುಡಿಯುತ್ತಾನೆ, ಸರಿ. ಆದರೆ ಶಂಭು ನಾಳೆ ಬಂದರೆ? ಅಡಿಕೆ ಸಸಿ ಫಲಕ್ಕೆ ಬರಲು ಐದಾರು ವರ್ಷ ಬೇಕು. ಅಷ್ಟು ದೂರದ ಫಸಲಿಗೆ ಬೆವರು ಸುರಿಸುವವನಿಗೆ ಪ್ರೀತಿಯ ಮಾತು ಸಾಲದು, ನೆಲದ ಹಕ್ಕು ಬೇಕು. ಕಾರಂತರು ಈ ಅಳುಕನ್ನು ಕೃತಘ್ನತೆಯಂತೆ ಕಾಣಿಸುವುದಿಲ್ಲ. ಕಾದಂಬರಿಯ ಪ್ರಾಮಾಣಿಕತೆ ನನಗೆ ಕಂಡದ್ದು ಇಲ್ಲಿ.

ಹತ್ತು ವರ್ಷ ಹಿಂದಿನ ‘ಚೋಮನ ದುಡಿ’ (1933)ಯನ್ನು ಪಕ್ಕದಲ್ಲಿಟ್ಟು ನೋಡಬೇಕು. ತುಂಡು ಭೂಮಿ ಉಳುವ ಚೋಮನ ಆಸೆ ಎಲ್ಲರಿಗೂ ತಿಳಿದದ್ದೇ. ಧಣಿಯ ಮನೆ ಸಂಪ್ರದಾಯದ ನೆಪದಲ್ಲಿ ಅದನ್ನು ತಳ್ಳಿಹಾಕುತ್ತದೆ. ಪಾದ್ರಿಯ ಕಡೆ ಹೋದರೆ ಭೂಮಿ ಸಿಗುತ್ತದೆ, ಧರ್ಮ ಬಿಡಬೇಕು. ಕಾಫಿತೋಟಕ್ಕೋ ಸಾಲವೇ ಸಾಕು, ಮನೆಮಂದಿಯನ್ನು ಘಟ್ಟ ಹತ್ತಿಸಲು. ಇನ್ನೊಬ್ಬನ ಆಸೆಯನ್ನು ಬಲ್ಲವರೆಲ್ಲ ಉಪಕಾರಿಗಳಲ್ಲ. ಗೋಪಾಲಯ್ಯ ಇವರಿಂದ ಬೇರೆಯಾಗುವುದು ತನಗೂ ಅವರು ಬೇಕೆಂಬುದನ್ನು ಮುಚ್ಚಿಡದೆ ಇರುವುದರಿಂದ.

ಹೀಗಿದ್ದೂ ಒಂದು ತಕರಾರು ಉಳಿಯುತ್ತದೆ. ಈ ಕಥೆ ಹೇಳುತ್ತಿರುವವನೇ ಆ ಮನೆಯ ಉಪಚಾರಕ್ಕೆ ಮೊದಲು ಸೋತವನು. ದೇರಣ್ಣ, ಬಟ್ಯರಿಗೂ ಕೆಳಬೈಲು ಹೀಗೇ ಕಂಡಿತ್ತೇ? ದಾರಿ ಬಲ್ಲವರು ಅವರು. ತಮ್ಮ ದುಡಿಮೆಯ ಬಗ್ಗೆ ತಮ್ಮೊಳಗೇ ಏನು ಮಾತಾಡಿಕೊಳ್ಳುತ್ತಿದ್ದರು ಎಂಬುದನ್ನು ಕೇಳಿಸಿಕೊಳ್ಳಲು ಜಗಲಿಯ ಮೇಲೆ ಕೂತ ಅತಿಥಿಗೆ ಸಾಧ್ಯವಿರಲಿಲ್ಲ.