ಹೊಸ ಅಡುಗೆಮನೆಯಲ್ಲಿ ಕೂರಲು ಜಾಗವೆಲ್ಲಿ?

ಪುಸ್ತಕ, ನಾಟಕ, ಸಂಗೀತ ಕಛೇರಿಗಳ ವಿಮರ್ಶೆ ನಮ್ಮ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಇನ್ನೂರು ರೂಪಾಯಿಯ ಕಾದಂಬರಿಯನ್ನು ಹಿಡಿದು ಜಗ್ಗಾಡುವ ನಾವು, ಲಕ್ಷಗಟ್ಟಲೆ ಸುರಿದು ಕಟ್ಟಿಸಿಕೊಳ್ಳುವ ಅಡುಗೆಮನೆಯ ವಿಚಾರವನ್ನು ಮಾತ್ರ 'ಚೆನ್ನಾಗಿದೆ' ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಸತ್ಯನಾರಾಯಣ ಪೂಜೆಗೆ ಹೋದಾಗ ಮನೆಯವರು ಹೊಸ ಅಡುಗೆಮನೆಯ ಖಾನೆಗಳನ್ನು ಎಳೆದೆಳೆದು ತೋರಿಸುತ್ತಾರೆ. ನಾವೂ ತಲೆದೂಗಿ, ಪ್ರಸಾದ ತಿಂದು ಬರುತ್ತೇವೆ. ಈ ಸಲ ಸ್ವಲ್ಪ ನಿಷ್ಠುರರಾಗಿ ನೋಡೋಣವೆಂದು ಹೊರಟಿದ್ದೇವೆ.

ಮುಂಬಯಿ, ಠಾಣೆ, ಡೊಂಬಿವಿಲಿ, ಪುಣೆಗಳಲ್ಲಿ ನಮ್ಮವರು 1980ರ ಆಸುಪಾಸಿನಲ್ಲಿ ಕೊಂಡ ಮನೆಗಳ ಅಡುಗೆಮನೆಗಳು ಈಗ ಒಂದೊಂದಾಗಿ ಒಡೆದು ಹೊಸದಾಗುತ್ತಿವೆ. ಒಡೆಯುವುದಕ್ಕೆ ಕಾರಣವಿಲ್ಲದೆ ಇಲ್ಲ. ನಲ್ಲಿಯ ಕೊಳವೆಗಳು ತುಕ್ಕು ಹಿಡಿದು ಕೆಳಗಿನ ಮನೆಯ ಛಾವಣಿಗೆ ನೀರು ಇಳಿಯುತ್ತದೆ. ಫ್ರಿಜ್ಜು, ಮಿಕ್ಸರು, ಗ್ರೈಂಡರು, ನೀರಿನ ಫಿಲ್ಟರು ಇವೆಲ್ಲ ಒಂದೇ ಪ್ಲಗ್ಗಿಗೆ ಜೋತು ಬಿದ್ದಿರುತ್ತವೆ. ಹೀಗಾಗಿ ಬದಲಾವಣೆ ಬೇಡವೆಂದು ಯಾರೂ ಹೇಳರು. ನಮ್ಮ ತಕರಾರು ಇರುವುದು ಬದಲಾವಣೆಯ ನಕ್ಷೆಯ ಬಗ್ಗೆ. ಕ್ಯಾಟಲಾಗು ಬಿಡಿಸಿದರೆ ಎಲ್ಲರಿಗೂ ಅದೇ ನಕ್ಷೆ: ಎತ್ತರದ ಕಟ್ಟೆ, ಕೆಳಗೆ ಬಾಗಿಲು ಮುಚ್ಚಿದ ಖಾನೆಗಳು, ಮೇಲೆ ಇನ್ನಷ್ಟು ಖಾನೆಗಳು, ನಡುವೆ ಚಿಮಣಿ. ಜೋಳದ ರೊಟ್ಟಿಯ ವಿಜಾಪುರದವರಿಗೂ, ದಿನಾ ತೆಂಗಿನಕಾಯಿ ಅರೆಯುವ ಉಡುಪಿಯವರಿಗೂ, ಮುದ್ದೆ ತೊಳಸುವ ಮಂಡ್ಯದವರಿಗೂ ಒಂದೇ ಅಡುಗೆಮನೆ ಹೇಗೆ ಹೊಂದೀತು?

ಇದಕ್ಕೆ 'ಮಾಡ್ಯುಲರ್ ಕಿಚನ್' ಎಂದು ಹೆಸರು. ಇದರ ಮೂಲವನ್ನು ಹುಡುಕಿ ಹೊರಟರೆ ಜರ್ಮನಿಯ ಫ್ರಾಂಕ್‌ಫರ್ಟ್ ನಗರಕ್ಕೆ ಹೋಗಿ ನಿಲ್ಲಬೇಕಾಗುತ್ತದೆ. ಮೊದಲನೆಯ ಮಹಾಯುದ್ಧದ ಬಳಿಕ ಅಲ್ಲಿ ಮನೆಗಳಿಗೆ ತೀರ ಅಭಾವವಿತ್ತು. ನಗರದ ವಾಸ್ತುಶಿಲ್ಪಿ ಅರ್ನ್ಸ್ಟ್ ಮೇ ಸಾವಿರಾರು ಅಗ್ಗದ ಮನೆಗಳನ್ನು ಕಟ್ಟಿಸಲು ಕೈಹಾಕಿದರು. ಅವುಗಳ ಅಡುಗೆಮನೆಯನ್ನು 1926ರಲ್ಲಿ ರೂಪಿಸಿಕೊಟ್ಟವರು ವಿಯೆನ್ನಾದ ಮಾರ್ಗರೆಟ್ ಶುಟ್ಟೆ-ಲಿಹೊಟ್ಸ್‌ಕಿ ಎಂಬ ಮಹಿಳೆ. 1.9 ಮೀಟರು ಅಗಲ, 3.4 ಮೀಟರು ಉದ್ದ. ನಮ್ಮ ಲೆಕ್ಕದಲ್ಲಿ ಸುಮಾರು ಆರು ಅಡಿಗೆ ಹನ್ನೊಂದು ಅಡಿ. ಮುಂಬಯಿಯ ಎಷ್ಟೋ ಅಡುಗೆಮನೆಗಳ ಅಳತೆಯೂ ಇದೇ! ಅಂಥ ಅಡುಗೆಮನೆಗಳು ಸುಮಾರು ಹತ್ತು ಸಾವಿರ ಕಟ್ಟಲ್ಪಟ್ಟವು. ಅವುಗಳಲ್ಲೊಂದನ್ನು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ 2010ರಲ್ಲಿ ಪ್ರದರ್ಶನಕ್ಕಿಟ್ಟಿತ್ತು.

ಆ ಮಹಿಳೆಗೆ ಮಾದರಿಯಾಗಿದ್ದು ರೈಲಿನ ಊಟದ ಡಬ್ಬಿಯ ಅಡುಗೆಕೋಣೆ. ಅಷ್ಟು ಇಕ್ಕಟ್ಟಿನಲ್ಲಿ ಅಷ್ಟು ಜನರಿಗೆ ಅಡುಗೆಯಾಗುವುದಾದರೆ ಮನೆಯಲ್ಲೇಕೆ ಆಗದು ಎಂಬುದು ಅವರ ತರ್ಕ. ಅಮೆರಿಕದ ಕ್ರಿಸ್ಟೀನ್ ಫ್ರೆಡರಿಕ್ ಮನೆಗೆಲಸದ ಹೆಜ್ಜೆಗಳನ್ನು ಕಾರ್ಖಾನೆಯ ಕೆಲಸದಂತೆ ಎಣಿಸಿ ಬರೆದಿದ್ದನ್ನು ಅವರು ಓದಿಕೊಂಡಿದ್ದರು. ಆ ಅಡುಗೆಮನೆಯ ಗುಣಗಳನ್ನು ಒಪ್ಪಿಕೊಳ್ಳಲೇಬೇಕು. ಕಿಟಕಿಯ ಬುಡದಲ್ಲಿ ಕೆಲಸದ ಮೇಜು, ಹಗಲು ಬೆಳಕು ನೇರ ಕೈಮೇಲೆ ಬೀಳುವಂತೆ. ತರಕಾರಿಯ ಸಿಪ್ಪೆಯನ್ನು ಮೇಜಿನಿಂದಲೇ ಸವರಿ ಹಾಕಲು ಹೊರಗೆಳೆಯುವ ಒಂದು ಪೆಟ್ಟಿಗೆ. ಹಿಟ್ಟು ಬೇಳೆಗಳಿಗೆ ಹಿಡಿಕೆಯುಳ್ಳ ಅಲ್ಯುಮಿನಿಯಮ್ ಡಬ್ಬಿಗಳ ಸಾಲು. ಬೇಕಾದಲ್ಲಿಗೆ ಸರಿಸಬಹುದಾದ ದೀಪ. ಎಲ್ಲಕ್ಕಿಂತ ಮುಖ್ಯವಾಗಿ, ಆ ಮೇಜಿನ ಮುಂದೆ ಒಂದು ತಿರುಗುವ ಸ್ಟೂಲು. ಹೆಚ್ಚುವ, ಬಿಡಿಸುವ, ಆರಿಸುವ ಕೆಲಸವನ್ನೆಲ್ಲ ಹೆಂಗಸು ಕೂತೇ ಮಾಡಲಿ ಎಂದು ಆಕೆ ಯೋಚಿಸಿದ್ದರು.

ವಾಚಕರು ಈ ಸ್ಟೂಲಿನ ಮೇಲೆ ಕಣ್ಣಿಟ್ಟಿರಬೇಕು. ಫ್ರಾಂಕ್‌ಫರ್ಟಿನಿಂದ ಹೊರಟ ಅಡುಗೆಮನೆ ನಮ್ಮ ಗೋರೆಗಾಂವಿಗೆ ಬರುವಷ್ಟರಲ್ಲಿ ಖಾನೆಗಳು ಬಂದಿವೆ, ಬಾಗಿಲುಗಳು ಬಂದಿವೆ, ಅಗಲಿಕ್ಕಟ್ಟೂ ಬಂದಿದೆ. ಸ್ಟೂಲು ಮಾತ್ರ ದಾರಿಯಲ್ಲೆಲ್ಲೋ ಇಳಿದುಹೋಗಿದೆ.

ಮೂಲದಲ್ಲೂ ದೋಷವಿಲ್ಲದೆ ಇರಲಿಲ್ಲ. ಅದು ಒಬ್ಬಳೇ ಹೆಂಗಸು ಕೆಲಸ ಮಾಡಲು ಅಳೆದ ಕೋಣೆ. ಎರಡನೆಯವರು ಒಳಗೆ ಬಂದರೆ ಮೈಗೆ ಮೈ ತಾಗುತ್ತಿತ್ತು. ಮಕ್ಕಳು ಆಚೆಗೆ, ತಾಯಿ ಈಚೆಗೆ. ಅದನ್ನು ರೂಪಿಸಿದಾಕೆಯೇ ಮುಂದೆ ಮುಪ್ಪಿನಲ್ಲಿ, ತಾನು ಆಗ ಸಂಸಾರದ ಅಡುಗೆ ಮಾಡಿದವಳೇ ಅಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. (ಹಿಟ್ಲರನ ಆಡಳಿತವನ್ನು ಎದುರಿಸಿ 1941ರಿಂದ 1945ರವರೆಗೆ ಸೆರೆಮನೆಯಲ್ಲಿದ್ದ ಧೀರೆ ಆಕೆ, ಅಡುಗೆಮನೆಯೊಂದರಿಂದಲೇ ತನ್ನನ್ನು ಗುರುತಿಸುವುದು ಆಕೆಗೆ ಹಿಡಿಸುತ್ತಿರಲಿಲ್ಲ.) ಅಡುಗೆ ಮಾಡದವರು ಅಡುಗೆಮನೆಯನ್ನು ಬರೆಯುವ ಪರಿಪಾಠ ಇಂದಿಗೂ ನಿಂತಿಲ್ಲ. ನಮ್ಮಲ್ಲಿ ಗುತ್ತಿಗೆದಾರ ಬಂದಾಗ ಮಾತಾಡುವವರು ಮನೆಯ ಯಜಮಾನರು. ಹೆಂಗಸರನ್ನು ಕೇಳುವುದು ಬಣ್ಣದ ವಿಷಯ ಬಂದಾಗ.

ಗುತ್ತಿಗೆದಾರರ ಬಾಯಲ್ಲಿ ಸದಾ ಆಡುವ ಇನ್ನೊಂದು ಮಾತು 'ತ್ರಿಕೋನ'. ಒಲೆ, ಸಿಂಕು, ಫ್ರಿಜ್ಜು ಇವು ಮೂರು ಬಿಂದುಗಳು. ಮೂರು ಭುಜಗಳನ್ನು ಕೂಡಿಸಿದರೆ 26 ಅಡಿ ಮೀರಬಾರದು. ಇದು 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ತಮ್ಮ ದೇಶದ ಮನೆಗಳಿಗಾಗಿ ಹೇಳಿದ ಲೆಕ್ಕ. ನಮ್ಮ ಆರು ಅಡಿಯ ಕೋಣೆಯಲ್ಲಿ 26 ಅಡಿ ಮೀರಬೇಕೆಂದರೂ ಮೀರಲಾರದು, ಅದಿರಲಿ. ನಮ್ಮ ಅಡುಗೆಯಲ್ಲಿ ನಾಲ್ಕನೆಯ ಬಿಂದುವೊಂದಿದೆ. ಅದು ಅರೆಯುವ ಜಾಗ. ಊರಿನ ಮನೆಯಲ್ಲಿ ಒರಳುಕಲ್ಲಿಗೆ ತನ್ನದೇ ಮೂಲೆ, ಪಕ್ಕದಲ್ಲಿ ನೀರು, ನೀರು ಹರಿದುಹೋಗಲು ದಾರಿ ಇರುತ್ತಿತ್ತು. ಇಲ್ಲಿ ಮಿಕ್ಸರನ್ನು ಒಲೆಯ ಬಗಲಿಗೆ ತುರುಕುತ್ತಾರೆ, ಅದರ ವಯರು ಬರ್ನರಿನ ಹತ್ತಿರ ಜೋಲುತ್ತದೆ. ಗ್ರೈಂಡರನ್ನಂತೂ ಕೆಳಗಿನ ಖಾನೆಯೊಳಗೆ ಬಚ್ಚಿಡುತ್ತಾರೆ. ಹತ್ತು ಹನ್ನೆರಡು ಕಿಲೋ ಭಾರದ ಆ ಯಂತ್ರವನ್ನು ದೋಸೆ ಇಡ್ಲಿಗೆಂದು ವಾರಕ್ಕೆ ಎರಡು ಸಲ ಬಗ್ಗಿ ಎತ್ತಿ ಕಟ್ಟೆಯ ಮೇಲಿಡುವವರ ಸೊಂಟದ ಗತಿಯೇನು? ಕಟ್ಟೆಯ ಕೊನೆಯಲ್ಲಿ, ಸಿಂಕಿಗೆ ತಾಗಿ, ಎರಡಡಿ ಜಾಗವನ್ನು ಗ್ರೈಂಡರಿಗೆಂದೇ ಮೀಸಲಿಟ್ಟು, ಅದನ್ನು ಅಲ್ಲಿಂದ ಕದಲಿಸದೆ, ಹಿಂದಿನ ಗೋಡೆಯಲ್ಲಿ ನೀರು ಸಿಡಿಯದಷ್ಟು ಮೇಲೆ ಅದಕ್ಕೇ ಬೇರೆ ಪ್ಲಗ್ಗು ಕೊಡಿಸಿದರೆ ಮುಗಿಯಿತು. ನೋಡಲು ಚೆಂದ ಕಾಣದು ಎನ್ನುತ್ತಾರೆ. ಗ್ರೈಂಡರು ಇಟ್ಟುಕೊಂಡವರ ಮನೆಯಲ್ಲಿ ಗ್ರೈಂಡರು ಕಂಡರೆ ಏನು ತಪ್ಪೋ ನಮಗೆ ತಿಳಿಯದು.

ಇನ್ನು ಕಟ್ಟೆಯ ಎತ್ತರ. ಅಮೆರಿಕದ ರೂಢಿ 36 ಅಂಗುಲ. ನಮ್ಮ ಹೆಂಗಸರ ಸರಾಸರಿ ಎತ್ತರ ಐದು ಅಡಿ. ಅಷ್ಟು ಎತ್ತರದವರು ನೆಟ್ಟಗೆ ನಿಂತು ಮೊಣಕೈ ಮಡಚಿದರೆ ನೆಲದಿಂದ ಮೊಣಕೈಗೆ ಸುಮಾರು 37-38 ಅಂಗುಲ. ಹೆಚ್ಚುವ ಕಟ್ಟೆ ಮೊಣಕೈಗಿಂತ ನಾಲ್ಕೈದು ಅಂಗುಲ ಕೆಳಗಿರಬೇಕು; ಎಂದರೆ 33ರ ಸುಮಾರು ಸಾಕು. ಒಲೆಯದು ಬೇರೆ ಮಾತು. 34 ಅಂಗುಲದ ಕಟ್ಟೆಯ ಮೇಲೆ ಗ್ಯಾಸಿನ ಒಲೆ ಕೂತರೆ ಬಾಣಲೆಯ ತಳವೇ 39 ಅಂಗುಲಕ್ಕೆ ಬರುತ್ತದೆ. ಹುಳಿಯ ಪಾತ್ರೆಯೊಳಗೆ ಸೌಟು ಆಡಿಸಲು ಭುಜವನ್ನೇ ಎತ್ತಬೇಕು. ಒಲೆಯ ಭಾಗದ ಕಟ್ಟೆಯನ್ನು ನಾಲ್ಕು ಅಂಗುಲ ತಗ್ಗಿಸಿ ಕಟ್ಟಿದರೆ ಖರ್ಚು ವಿಶೇಷವೇನಿಲ್ಲ, ಆದರೆ ಕಲ್ಲಿನ ಸಾಲು ಮುರಿಯುತ್ತದೆಂದು ಯಾರೂ ಒಪ್ಪುವುದಿಲ್ಲ.

ರೊಟ್ಟಿಯ ವಿಷಯ ಇದಕ್ಕಿಂತ ಕಷ್ಟ. ಚಪಾತಿಯನ್ನು ಹೇಗೋ ನಿಂತು ಲಟ್ಟಿಸಬಹುದು, ಜೋಳದ ರೊಟ್ಟಿಗೆ ಮೇಲಿನಿಂದ ಅಂಗೈ ಬೀಳಬೇಕು, ಭುಜದ ಬಲ ಇಳಿಯಬೇಕು. ಡೊಂಬಿವಿಲಿಯಲ್ಲಿ ನಮ್ಮ ಪರಿಚಯದ ಮನೆಯೊಂದಕ್ಕೆ ವಿಜಾಪುರದಿಂದ ಬಂದ ಅತ್ತೆಯವರು ಹೊಸ ಕಟ್ಟೆಯ ಮುಂದೆ ನಾಲ್ಕು ದಿನ ನಿಂತು, ಐದನೆಯ ದಿನ ಸೊಸೆಗೆ, "ಯವ್ವಾ, ಹಿಂಗ ನಿಂತು ರೊಟ್ಟಿ ಬಡದ್ರ ರಟ್ಟಿ ಬಿದ್ದು ಹೋಗ್ತಾವ. ನನಗ ನೆಲದ ಮ್ಯಾಲ ಒಂದೀಟು ಜಾಗಾ ಮಾಡಿಕೊಡು" ಎಂದರಂತೆ. ಕೊಡಲು ಜಾಗವಿರಲಿಲ್ಲ. ಕೋಣೆಯ ಎರಡೂ ಬದಿಗೆ ಖಾನೆಗಳು ಬಂದು, ನಡುವೆ ಮೂರಡಿಯ ಓಣಿ ಮಾತ್ರ ಉಳಿದಿತ್ತು. ಖಾನೆಯ ಬಾಗಿಲು ತೆರೆದರೆ ಅದೂ ಇಲ್ಲ. ಅಂದಿನಿಂದ ಆ ಮನೆಯಲ್ಲಿ ರೊಟ್ಟಿ ಅಂಗಡಿಯಿಂದ ಬರುತ್ತಿದೆ. ಅತ್ತೆಯವರು ಹಾಲಿನಲ್ಲಿ ಟಿ.ವಿ. ನೋಡುತ್ತಾರೆ.

ಇದನ್ನು ನಾವು ಸಣ್ಣ ಸಂಗತಿ ಎಂದು ತಿಳಿದಿಲ್ಲ. ಪರವೂರಿನಲ್ಲಿ ಹುಟ್ಟಿದ ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ ಹಿಂದಿ ಆಡುತ್ತಾರೆ. ಅವರ ಕಿವಿಗೆ ಕನ್ನಡ ಬೀಳುತ್ತಿದ್ದುದು ಅಜ್ಜಿ ಈಳಿಗೆಮಣೆಯ ಮೇಲೆ ಕೂತು ಹುರುಳಿಕಾಯಿ ಹೆಚ್ಚುವಾಗ, ಎದುರಿಗೆ ಕೂತ ಮೊಮ್ಮಗಳು ಬಟಾಣಿ ಬಿಡಿಸುವಾಗ. ಮೆಂತ್ಯದ ಕಡ್ಡಿ, ಸಾಸಿವೆಯ ಸಿಡಿತ, ಬೆಲ್ಲದ ಪಾಕದ ಹದ, ಇವುಗಳ ಹೆಸರುಗಳನ್ನು ಸಂಘದ ಕನ್ನಡ ತರಗತಿಯಲ್ಲಿ ಕಲಿಸಿ ಬಾಯಿಪಾಠ ಮಾಡಿಸಬಹುದು, ಆದರೆ ಕೈ ಕಲಿತಂತೆ ನಾಲಿಗೆ ಕಲಿಯುವುದಿಲ್ಲ.

ಕಲ್ಲು, ಮರಗಳ ಮಾತಿಗೆ ಬರೋಣ. ಹಳೆಯ ಮನೆಗಳ ನೆಲಕ್ಕೆ ಹಾಸಿದ್ದ ಶಹಾಬಾದ್ ಕಲ್ಲು ನಮ್ಮ ಕಲಬುರ್ಗಿ ಜಿಲ್ಲೆಯದೇ, ಕಟ್ಟೆಗೆ ಕಡಪಾ ಕಲ್ಲು. ಇವೆರಡೂ ಸುಣ್ಣದ ಅಂಶದ ಕಲ್ಲುಗಳಾದ್ದರಿಂದ ಹುಣಿಸೆ, ನಿಂಬೆ ಬಿದ್ದಲ್ಲಿ ಹೊಳಪು ಹೋಗುತ್ತದೆ ನಿಜ. ಅದಕ್ಕೆ ಗ್ರಾನೈಟು ಮೇಲು. ಚಾಮರಾಜನಗರದ ಕರಿಕಲ್ಲು, ಇಳಕಲ್ಲಿನ ಕೆಂಪುಕಲ್ಲು ಹುಳಿಗೂ ಕಾದ ಪಾತ್ರೆಗೂ ಸುಲಭಕ್ಕೆ ಜಗ್ಗುವುದಿಲ್ಲ. ನೆಲಕ್ಕೆ ಮಾತ್ರ ನುಣುಪು ಟೈಲು ಬೇಡ. ನೀರು, ಎಣ್ಣೆ ಬಿದ್ದರೆ ವಯಸ್ಸಾದವರು ಜಾರಿ ಬೀಳುತ್ತಾರೆ. ಖಾನೆಗಳಿಗೆ ಪುಡಿಮರವನ್ನು ಒತ್ತಿ ಮಾಡಿದ ಹಲಗೆಯನ್ನು ಬಳಸಿದರೆ ಸಿಂಕಿನ ಕೆಳಗೆ ಎರಡು ಮಳೆಗಾಲದಲ್ಲಿ ಉಬ್ಬಿಕೊಳ್ಳುತ್ತದೆ. ಪ್ಲೈವುಡ್ಡೇ ಬೇಕೆಂದು, ಅದರ ಮೇಲೆ ಐ.ಎಸ್. 710 ಎಂಬ ಮುದ್ರೆ ಇದೆಯೇ ಎಂದು ನೋಡಿಕೊಳ್ಳಬೇಕು. ನೀರು ತಡೆಯುವ ದರ್ಜೆ ಅದು. 303ರ ಮುದ್ರೆಯದು ಸಾಮಾನ್ಯ ಬಳಕೆಯದು, ಹಾಲಿನ ಕಪಾಟಿಗೆ ಆದೀತು. ಸಿಂಕಿನ ಕೆಳಗಂತೂ ಬಾಗಿಲೇ ಇಲ್ಲದೆ ತೆರೆದಿಟ್ಟರೆ ಗಾಳಿಯಾಡಿ ಜಿರಲೆಯ ಕಾಟವೂ ಕಡಿಮೆ.

ಗ್ಯಾಸಿನ ವಿಷಯದಲ್ಲಿ ಹೊಸ ನಕ್ಷೆಗಳು ತೋರುವ ಉದಾಸೀನ ನಮಗೆ ಭಯ ಹುಟ್ಟಿಸುತ್ತದೆ. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ಕೂರುತ್ತದೆ. ಸಿಲಿಂಡರನ್ನು ಕಟ್ಟೆಯ ಕೆಳಗೆ ಬಾಗಿಲು ಮುಚ್ಚಿದ ಖಾನೆಯಲ್ಲಿಟ್ಟರೆ ಸೋರಿದ್ದೆಲ್ಲ ಅಲ್ಲೇ ಶೇಖರವಾಗುತ್ತದೆ. ಬಾಗಿಲಿನ ಬುಡದಲ್ಲಿ ಜಾಲರಿ ಇರಲೇಬೇಕು. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ ಇದಕ್ಕೆ ತದ್ವಿರುದ್ಧ. ಅದು ಹಗುರ, ಛಾವಣಿಯತ್ತ ಏರುತ್ತದೆ, ಅದಕ್ಕೆ ಮೇಲೆ ಕಿಂಡಿ ಬೇಕು. ಸಿಲಿಂಡರು ಬಿಟ್ಟು ಕೊಳವೆ ಹಾಕಿಸಿಕೊಂಡ ಎಷ್ಟೋ ಮನೆಗಳಲ್ಲಿ, ಚಂದಕ್ಕೆಂದು ಕಿಟಕಿಯ ಮೇಲಿನ ಹಳೆಯ ಕಿಂಡಿಯನ್ನು ಮುಚ್ಚಿ ಖಾನೆ ಮಾಡಿದ್ದನ್ನು ನೋಡಿದ್ದೇವೆ.

ಚಿಮಣಿಯ ಬಗ್ಗೆ ಎರಡು ಮಾತು ಸಾಕು. ಹೊರಗೆ ಕೊಳವೆ ಹೋಗದ, ಇದ್ದಿಲಿನಲ್ಲಿ ಸೋಸಿ ಗಾಳಿಯನ್ನು ಒಳಗೇ ಬಿಡುವ ಚಿಮಣಿ ಸೆಕೆಯನ್ನೂ ಆವಿಯನ್ನೂ ಹೊರಹಾಕುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಹುರಿಯುವ ಮನೆಗೆ ಹೊರಗೋಡೆಯಲ್ಲಿ ಕೂರಿಸಿದ ಸಾದಾ ಎಕ್ಸಾಸ್ಟ್ ಫ್ಯಾನು ಅದಕ್ಕಿಂತ ಲೇಸು. ಗೋಡೆ ಕೆಡವಿ 'ಓಪನ್ ಕಿಚನ್' ಮಾಡಿಸುವವರು ಒಗ್ಗರಣೆಯ ಘಾಟು ಹಾಲಿನ ಪರದೆಗಳಿಗೂ ಸೋಫಾಕ್ಕೂ ಹತ್ತುವುದೆಂದು ಮೊದಲೇ ತಿಳಿದಿರಲಿ. ಆದರೂ ಒಂದು ಮಾತು ಅದರ ಪರವಾಗಿ ಹೇಳಬೇಕು: ಫ್ರಾಂಕ್‌ಫರ್ಟಿನವಳಂತೆ ನಮ್ಮ ಗೃಹಿಣಿ ಗೋಡೆಯಾಚೆ ಒಂಟಿಯಾಗುವುದಿಲ್ಲ. ಗೋಡೆಯನ್ನು ಪೂರ್ತಿ ಕೆಡವದೆ, ಮುಚ್ಚಬಹುದಾದ ದೊಡ್ಡ ಕಿಟಕಿಯನ್ನು ನಡುವೆ ಕೊಯ್ದರೆ ಎರಡೂ ಆದೀತು. ಆ ಗೋಡೆ ಕಟ್ಟಡದ ಭಾರ ಹೊತ್ತದ್ದೇ ಅಲ್ಲವೇ ಎಂಬುದನ್ನು ಇಂಜಿನಿಯರರಿಂದ ತಿಳಿದು, ಸೊಸೈಟಿಯ ಒಪ್ಪಿಗೆ ಪಡೆದ ಮೇಲೆ, ಅಷ್ಟೆ.

ಕೂರುವ ಜಾಗದ ಪ್ರಶ್ನೆ ಉಳಿಯಿತು. ಇದಕ್ಕೆ ಇನ್ನೊಂದು ಕೋಣೆ ಬೇಕಾಗಿಲ್ಲ. ಒಂದು ಬದಿಯ ಖಾನೆಗಳಲ್ಲಿ ಎರಡೂವರೆ ಅಡಿಯಷ್ಟನ್ನು ಬಿಟ್ಟುಕೊಡಬೇಕು. ಅಲ್ಲಿ ಗೋಡೆಗೆ ಕೀಲು ಹಾಕಿ, ನೆಲದಿಂದ 28 ಅಂಗುಲಕ್ಕೆ, ಮಡಚುವ ದಪ್ಪ ಹಲಗೆಯೊಂದನ್ನು ಕೂರಿಸಿ, ಬಿಡಿಸಿದಾಗ ಕೆಳಗೆ ಗಟ್ಟಿಯಾದ ಕಾಲು ನಿಲ್ಲುವಂತಿರಲಿ; ರೊಟ್ಟಿಯ ಏಟಿಗೆ ಅಲ್ಲಾಡಬಾರದು. ನಿಂತು ರೊಟ್ಟಿ ತಟ್ಟುವವರಿಗೆ ಅದೇ ಸರಿಯಾದ ಎತ್ತರ, ಸ್ಟೂಲು ಎಳೆದುಕೊಂಡು ಕಾಯಿ ತುರಿಯುವವರಿಗೂ ಅದೇ. ಹಲಗೆ ಮಡಚಿದರೆ ನೆಲದ ಮೇಲೆ ಒಂದು ಮಣೆ ಹಾಕುವಷ್ಟು ಜಾಗ ಉಳಿಯುತ್ತದೆ. ಬಡಗಿ ಒಂದು ದಿನದಲ್ಲಿ ಮಾಡಿಕೊಡುವ ಕೆಲಸ. ಕ್ಯಾಟಲಾಗಿನಲ್ಲಿ ಇದು ಸಿಗುವುದಿಲ್ಲವಾದ್ದರಿಂದ, ಗುತ್ತಿಗೆದಾರನಿಗೆ ಮುಂಗಡ ಕೊಡುವ ಮೊದಲೇ ನಕ್ಷೆಯಲ್ಲಿ ಬರೆಸಿಕೊಳ್ಳಬೇಕು. ಅಳತೆ ತೆಗೆಯುವ ದಿನ ಅತ್ತೆ ಸೊಸೆಯರಿಬ್ಬರೂ ಟೇಪಿನ ಬಳಿ ನಿಂತಿರಬೇಕು.